ಡೆಬಿಯನ್ ಮತ್ತು ಅದನ್ನು ನಡೆಸುವವರು

ಡೆಬಿಯನ್ ಒಂದು ಆಪರೇಟಿಂಗ್ ಸಿಸ್ಟಂ. ಗಣಕಯಂತ್ರವನ್ನು ಚಾಲೂ ಮಾಡಿದ ಕ್ಷಣದಿಂದ ಅದರ ಯಂತ್ರಭಾಗಗಳನ್ನೂ ಬಳಕೆದಾರರು ತೆರೆಯುವ ತಂತ್ರಾಂಶಗಳನ್ನೂ ಒಂದಕ್ಕೊಂದು ಹೊಂದಿಸಿ ನಡೆಸುವುದು ಅದರ ಕೆಲಸ. ವಿಂಡೋಸ್ ಮಾಡುವುದೂ ಇದನ್ನೇ. ಆದರೆ ಡೆಬಿಯನ್ನನ್ನು ಯಾವ ಕಂಪನಿಯೂ ತಯಾರಿಸುವುದಿಲ್ಲ, ಯಾವ ಕಂಪನಿಯೂ ಅದರ ಒಡೆತನ ಹೊಂದಿಲ್ಲ. ಬೇರೆ ಬೇರೆ ದೇಶಗಳಲ್ಲಿರುವ ಸುಮಾರು ಒಂದು ಸಾವಿರ ಸದಸ್ಯರು, ಅವರೊಡನೆ ಕೈಜೋಡಿಸುವ ಇನ್ನೂ ಅನೇಕರು ಸೇರಿ ಅದನ್ನು ನಡೆಸುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಈ ಕೆಲಸಕ್ಕೆ ಸಂಬಳವಿಲ್ಲ. ತಯಾರಾದ ವ್ಯವಸ್ಥೆಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ನಕಲು ಮಾಡಿ ಹಂಚಬಹುದು, ಒಳಗಿನ ಮೂಲಸಂಕೇತವನ್ನು ಓದಬಹುದು, ತಮಗೆ ಬೇಕಾದಂತೆ ತಿದ್ದಬಹುದು.

ಇದನ್ನು ಆರಂಭಿಸಿದವರು ಇಯಾನ್ ಮರ್ಡಾಕ್. ಅವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ, 1993ರ ಆಗಸ್ಟ್ 16ರಂದು, ಡೆಬಿಯನ್ ಯೋಜನೆಯನ್ನು ಪ್ರಕಟಿಸಿದರು. ಡೆಬ್ರಾ ಎಂಬ ಗೆಳತಿಯ ಹೆಸರನ್ನೂ ತಮ್ಮ ಹೆಸರನ್ನೂ ಕೂಡಿಸಿ ಅದಕ್ಕೆ ಹೆಸರಿಟ್ಟರು. ಆಗ ಲಿನಕ್ಸ್ ಕರ್ನೆಲ್‌ಗೆ ಎರಡು ವರ್ಷ ತುಂಬುತ್ತಿತ್ತು. ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಆ ಕರ್ನೆಲ್ ವ್ಯವಸ್ಥೆಯ ತಿರುಳು ಮಾತ್ರ. ಅದರ ಸುತ್ತ ಬೇಕಾದ ಸಲಕರಣೆಗಳು ಬಹುಪಾಲು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ ಬಂದವು. ಇವೆರಡನ್ನೂ ಸೇರಿಸಿ, ಸಾಮಾನ್ಯ ಬಳಕೆದಾರರು ಅಳವಡಿಸಿಕೊಳ್ಳುವಂತೆ ಮಾಡಿಕೊಡುವವರು ಬೇಕಾಗಿದ್ದರು. ಅಂಥ ಪ್ರಯತ್ನಗಳು ಆಗಲೇ ನಡೆದಿದ್ದವು, ಆದರೆ ಅವುಗಳಲ್ಲಿ ದೋಷಗಳು ಹೇರಳವಾಗಿದ್ದವು, ಸರಿಪಡಿಸುವವರು ಕಡಿಮೆ. ಒಬ್ಬರೋ ಇಬ್ಬರೋ ಮಾಡಿ ಮುಗಿಸುವ ಕೆಲಸ ಇದಲ್ಲ, ಅನೇಕರು ಪಾಲು ಹಂಚಿಕೊಂಡು ದೀರ್ಘಕಾಲ ನೋಡಿಕೊಳ್ಳಬೇಕಾದದ್ದು ಎಂಬುದು ಮರ್ಡಾಕ್ ಕಂಡುಕೊಂಡ ಸಂಗತಿ. ಡೆಬಿಯನ್ ನಿಂತಿರುವುದು ಆ ಒಂದು ಅರಿವಿನ ಮೇಲೆ.

ಆ ಪಾಲಿಗೆ ಪ್ಯಾಕೇಜ್ ಎಂದು ಹೆಸರು. ಬ್ರೌಸರ್ ಒಂದು ಪ್ಯಾಕೇಜ್, ಚಿತ್ರ ತೆರೆಯುವ ತಂತ್ರಾಂಶ ಇನ್ನೊಂದು, ಕನ್ನಡ ಅಕ್ಷರಶೈಲಿ ಮತ್ತೊಂದು. ಪ್ರತಿಯೊಂದಕ್ಕೂ ಒಬ್ಬ ನಿರ್ವಾಹಕ ಅಥವಾ ಒಂದು ನಿರ್ವಾಹಕ ತಂಡ ಇರುತ್ತದೆ. ತಂತ್ರಾಂಶವನ್ನು ಬರೆದವರು ಬೇರೆ, ಅದನ್ನು ಡೆಬಿಯನ್‌ಗೆ ಹೊಂದಿಸುವವರು ಬೇರೆ. ಮೂಲ ಬರಹಗಾರರು ಹೊಸ ಆವೃತ್ತಿ ಹೊರತಂದಾಗ ನಿರ್ವಾಹಕರು ಅದನ್ನು ತಂದು, ಕಟ್ಟಿ, ಉಳಿದವುಗಳ ಜೊತೆ ಹೊಂದುತ್ತದೆಯೇ ಎಂದು ನೋಡಿ, ಪರವಾನಗಿಯನ್ನು ಪರಿಶೀಲಿಸಿ ಒಳಗೆ ಸೇರಿಸುತ್ತಾರೆ. ಒಂದು ಪ್ಯಾಕೇಜ್ ಕೆಲಸ ಮಾಡಲು ಇನ್ನು ಯಾವ ಯಾವ ಪ್ಯಾಕೇಜ್‌ಗಳು ಬೇಕು ಎಂಬುದನ್ನೂ ಅದರಲ್ಲಿಯೇ ಬರೆದಿಡುತ್ತಾರೆ. ಹೀಗಾಗಿ ಬಳಕೆದಾರರು ಒಂದನ್ನು ಕೇಳಿದರೆ ಅದಕ್ಕೆ ಬೇಕಾದುದೆಲ್ಲವೂ ಜೊತೆಗೆ ಬರುತ್ತದೆ. ಮೊಬೈಲ್ ಫೋನಿನಲ್ಲಿ ಆ್ಯಪ್ ಇಳಿಸಿಕೊಳ್ಳುವ ಅಂಗಡಿಗಳು ಬರುವುದಕ್ಕೆ ಎಷ್ಟೋ ಮೊದಲೇ ಡೆಬಿಯನ್‌ನಲ್ಲಿ ಈ ಅನುಕೂಲವಿತ್ತು. ಇಂದು ಅದರ ಉಗ್ರಾಣದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ.

ಪುಕ್ಕಟೆ ಸಿಗುವುದರ ಗುಣಮಟ್ಟದ ಬಗ್ಗೆ ಅನುಮಾನ ಸಹಜ. ಹಣ ಕೊಟ್ಟವರಿಗೆ ಕೇಳುವ ಹಕ್ಕಿದೆ, ಕೊಡದವರು ಯಾರನ್ನು ಕೇಳಬೇಕು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಡೆಬಿಯನ್ ಇದಕ್ಕೆ ಕೊಟ್ಟ ಉತ್ತರ ಒಂದು ಲಿಖಿತ ವಚನ. 1997ರಲ್ಲಿ ಸದಸ್ಯರೆಲ್ಲ ಚರ್ಚಿಸಿ ಒಪ್ಪಿದ ಅದಕ್ಕೆ ಸಾಮಾಜಿಕ ಕರಾರು ಎನ್ನುತ್ತಾರೆ. ಐದೇ ಅಂಶಗಳ ಪುಟ್ಟ ದಾಖಲೆ ಅದು. ಡೆಬಿಯನ್ ಪೂರ್ತಿಯಾಗಿ ಮುಕ್ತವಾಗಿಯೇ ಉಳಿಯುತ್ತದೆ, ತಾನು ಮಾಡಿದ ಸುಧಾರಣೆಗಳನ್ನು ಸಮುದಾಯಕ್ಕೆ ಮರಳಿಸುತ್ತದೆ, ಬಳಕೆದಾರರ ಹಿತ ಮತ್ತು ಮುಕ್ತ ತಂತ್ರಾಂಶ ಇವೆರಡೇ ತನ್ನ ಆದ್ಯತೆ ಎಂದು ಅದು ಹೇಳುತ್ತದೆ. ಮುಕ್ತವಲ್ಲದ ತಂತ್ರಾಂಶ ಬೇಕಾದವರಿಗೆ ಅದನ್ನು ಪ್ರತ್ಯೇಕ ವಿಭಾಗದಲ್ಲಿ ಇಟ್ಟಿರುವುದಾಗಿ ಒಪ್ಪಿಕೊಳ್ಳುತ್ತದೆ. ಐದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮೂರನೆಯದು. ದೋಷಗಳನ್ನು ಮುಚ್ಚಿಡುವುದಿಲ್ಲ ಎಂಬುದು ಅದರ ಸಾರ. ಬಳಕೆದಾರರು ಕಳಿಸಿದ ದೂರುಗಳೆಲ್ಲ ಸಾರ್ವಜನಿಕವಾಗಿ ದಾಖಲಾಗುತ್ತವೆ. ಯಾರು, ಯಾವಾಗ, ಏನು ಉತ್ತರ ಕೊಟ್ಟರು, ಎಷ್ಟು ಕಾಲ ಕೊಡಲಿಲ್ಲ ಎಂಬುದನ್ನೂ ಎಲ್ಲರೂ ಓದಬಹುದು. ಗ್ರಾಹಕಸೇವಾ ಕೇಂದ್ರಕ್ಕೆ ದೂರು ಕೊಟ್ಟು ಒಂದು ಸಂಖ್ಯೆ ಪಡೆದು ಕಾಯುವುದಕ್ಕಿಂತ ಇದು ಹೆಚ್ಚಿನ ಹಕ್ಕು. ಹಣ ತೆತ್ತು ಕೊಂಡ ಎಷ್ಟೋ ತಂತ್ರಾಂಶಗಳಲ್ಲಿ ಈ ಹಕ್ಕು ಇಲ್ಲ.

ಕರಾರಿನ ಜೊತೆಗೆ, ಯಾವುದು ಮುಕ್ತ ತಂತ್ರಾಂಶ ಎಂದು ತೀರ್ಮಾನಿಸುವ ನಿಯಮಗಳನ್ನೂ ಬರೆದರು. ಇದರಲ್ಲಿ ಮುಂದಾಳತ್ವ ವಹಿಸಿದವರು ಆಗಿನ ನಾಯಕ ಬ್ರೂಸ್ ಪೆರೆನ್ಸ್. ಹಂಚಲು ತಡೆ ಇರಕೂಡದು, ಮೂಲಸಂಕೇತ ಸಿಗಬೇಕು, ತಿದ್ದಲು ಅವಕಾಶ ಬೇಕು, ಇಂಥವರು ಬಳಸಬಾರದು ಇಂಥ ಕೆಲಸಕ್ಕೆ ಬಳಸಬಾರದು ಎಂಬ ಷರತ್ತು ಇರಬಾರದು ಎಂಬುವು ಅವುಗಳ ಮುಖ್ಯಾಂಶಗಳು. ಮರುವರ್ಷ, 1998ರಲ್ಲಿ, ಓಪನ್ ಸೋರ್ಸ್ ಎಂಬ ಹೆಸರು ಚಾಲ್ತಿಗೆ ಬಂದು ಅದಕ್ಕೊಂದು ಸಂಸ್ಥೆ ಹುಟ್ಟಿದಾಗ ಈ ನಿಯಮಗಳನ್ನೇ ಅಲ್ಪಸ್ವಲ್ಪ ಬದಲಿಸಿ ಓಪನ್ ಸೋರ್ಸ್‌ನ ಅಧಿಕೃತ ವ್ಯಾಖ್ಯಾನವನ್ನಾಗಿ ಇಟ್ಟುಕೊಂಡರು. ನಿಯಮಗಳನ್ನು ಡೆಬಿಯನ್ ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತದೆ ಎನ್ನುವುದಕ್ಕೆ ಫೈರ್‌ಫಾಕ್ಸ್ ಪ್ರಸಂಗ ಸಾಕು. ಆ ಬ್ರೌಸರಿನ ಹೆಸರು ಮತ್ತು ಲಾಂಛನ ಬಳಸಬೇಕಾದರೆ ತಿದ್ದುಪಡಿಗಳಿಗೆಲ್ಲ ಮೊದಲು ಅನುಮತಿ ಪಡೆಯಬೇಕು ಎಂಬ ಷರತ್ತು ಅದರ ತಯಾರಕರಿಂದ ಬಂದಾಗ, 2006ರಲ್ಲಿ, ಡೆಬಿಯನ್ ಅದೇ ಬ್ರೌಸರನ್ನು ಐಸ್‌ವೀಸಲ್ ಎಂಬ ಬೇರೆ ಹೆಸರಿನಲ್ಲಿ ಕೊಡತೊಡಗಿತು. ಎರಡೂ ಕಡೆಯವರಿಗೆ ಒಪ್ಪಿಗೆಯಾಗಿ ಹಳೆಯ ಹೆಸರು ಮರಳಿದ್ದು 2016ರಲ್ಲಿ. ಹೊರಗಿನವರಿಗೆ ಇದು ಅತಿಯೆನಿಸಬಹುದು. ಆದರೆ ಡೆಬಿಯನ್‌ನಿಂದ ತಂತ್ರಾಂಶ ಪಡೆದು ತಮ್ಮದೇ ವ್ಯವಸ್ಥೆ ಕಟ್ಟಿಕೊಳ್ಳುವವರು ಒಂದೊಂದು ಪರವಾನಗಿಯನ್ನೂ ತಾವೇ ಓದಿ ನೋಡಬೇಕಾದ ಗೋಜು ತಪ್ಪಿರುವುದು ಈ ಹಟದಿಂದಲೇ.

ಹಾಗೆ ಕಟ್ಟಿಕೊಂಡವರು ಬಹಳ ಮಂದಿ. 2004ರಲ್ಲಿ ಬಂದ ಉಬುಂಟು ಡೆಬಿಯನ್‌ನಿಂದ ಹುಟ್ಟಿದ್ದು, ಉಬುಂಟುವಿನಿಂದ ಲಿನಕ್ಸ್ ಮಿಂಟ್ ಹುಟ್ಟಿತು. ಶಾಲೆಯ ಮಕ್ಕಳು ಪ್ರಯೋಗಕ್ಕೆ ಬಳಸುವ ಅಂಗೈಯಗಲದ ರಾಸ್ಪ್‌ಬೆರಿ ಪೈ ಗಣಕದ ವ್ಯವಸ್ಥೆಯೂ ಡೆಬಿಯನ್ ಆಧರಿಸಿದ್ದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಲ್ಯಾಪ್‌ಟಾಪ್‌ಗಳನ್ನು ವಿಂಡೋಸ್ ಎಕ್ಸ್‌ಪಿಯಿಂದ ಡೆಬಿಯನ್‌ಗೆ ಬದಲಾಯಿಸುತ್ತಿರುವುದಾಗಿ 2013ರಲ್ಲಿ ಪ್ರಕಟವಾಯಿತು. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಚೆನ್ನೈಯಲ್ಲಿ ರೂಪಿಸಿದ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಒತ್ತು ಕೊಟ್ಟ ಬಾಸ್ ಎಂಬ ವ್ಯವಸ್ಥೆಗೂ ತಳಹದಿ ಡೆಬಿಯನ್ನೇ.

ಡೆಬಿಯನ್ ಬಗ್ಗೆ ಬಳಕೆದಾರರಲ್ಲಿ ಅತಿ ಹೆಚ್ಚು ಕೇಳಿಬರುವ ಆಕ್ಷೇಪ, ಅದರಲ್ಲಿರುವುದೆಲ್ಲ ಹಳತು ಎಂಬುದು. ಇದರಲ್ಲಿ ಸತ್ಯವಿದೆ, ಸತ್ಯಕ್ಕೆ ಕಾರಣವೂ ಇದೆ. ಡೆಬಿಯನ್ ಏಕಕಾಲಕ್ಕೆ ಮೂರು ರೂಪಗಳಲ್ಲಿರುತ್ತದೆ. ನಿರ್ವಾಹಕರು ಹೊಸ ಆವೃತ್ತಿಗಳನ್ನು ಮೊದಲು ಹಾಕುವುದು ಅನ್‌ಸ್ಟೇಬಲ್ ಎಂಬ ರೂಪಕ್ಕೆ. ಅಲ್ಲಿ ಕೆಲವು ದಿನ ಇದ್ದು, ಗಂಭೀರ ದೋಷ ಕಾಣದಿದ್ದರೆ, ಅವು ಟೆಸ್ಟಿಂಗ್ ರೂಪಕ್ಕೆ ಸಾಗುತ್ತವೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್‌ಗೆ ಹೊಸದನ್ನು ಬಿಡುವುದನ್ನು ನಿಲ್ಲಿಸುತ್ತಾರೆ. ಅಲ್ಲಿಂದ ಮುಂದೆ ಕೆಲವು ತಿಂಗಳು ದೋಷ ತೆಗೆಯುವುದೊಂದೇ ಕೆಲಸ. ಬಿಡುಗಡೆಗೆ ಅಡ್ಡಿಯಾಗುವ ದೋಷಗಳು ತೀರಿದ ಮೇಲೆ ಅದೇ ಸ್ಟೇಬಲ್ ಆಗಿ ಹೊರಬರುತ್ತದೆ. ಬುಕ್‌ವರ್ಮ್ ಎಂಬ 12ನೆಯ ಆವೃತ್ತಿ ಬಂದದ್ದು 2023ರ ಜೂನ್‌ನಲ್ಲಿ, ಟ್ರಿಕ್ಸಿ ಎಂಬ 13ನೆಯದು 2025ರ ಆಗಸ್ಟ್‌ನಲ್ಲಿ. ಈ ಹೆಸರುಗಳೆಲ್ಲ ಟಾಯ್ ಸ್ಟೋರಿ ಚಲನಚಿತ್ರಗಳ ಪಾತ್ರಗಳವು. ಪೆರೆನ್ಸ್ ಆ ಚಿತ್ರ ತಯಾರಿಸಿದ ಪಿಕ್ಸಾರ್‌ನಲ್ಲಿ ಉದ್ಯೋಗಿಯಾಗಿದ್ದುದರಿಂದ ಈ ವಾಡಿಕೆ ಬಂತು. ಅನ್‌ಸ್ಟೇಬಲ್ ರೂಪಕ್ಕೆ ಮಾತ್ರ ಯಾವಾಗಲೂ ಸಿಡ್ ಎಂದೇ ಹೆಸರು. ಚಿತ್ರದಲ್ಲಿ ಆಟಿಕೆಗಳನ್ನು ಮುರಿದುಹಾಕುವ ಪಕ್ಕದ ಮನೆಯ ಹುಡುಗ ಅವನು.

ಸ್ಟೇಬಲ್ ಬಿಡುಗಡೆಯಾದ ಮೇಲೆ ಅದರೊಳಗಿನ ತಂತ್ರಾಂಶಗಳ ಆವೃತ್ತಿಗಳು ಸಾಮಾನ್ಯವಾಗಿ ಬದಲಾಗುವುದಿಲ್ಲ. ಭದ್ರತೆಯ ದೋಷ ಪತ್ತೆಯಾದರೆ, ಹೊಸ ಆವೃತ್ತಿಯಲ್ಲಿ ಬಂದ ಪರಿಹಾರವನ್ನಷ್ಟೇ ಬಿಡಿಸಿ ತೆಗೆದು ಹಳೆಯ ಆವೃತ್ತಿಗೆ ಕೂಡಿಸುತ್ತಾರೆ. ಹೊಸದನ್ನೇ ಇಡಿಯಾಗಿ ತಂದು ಹಾಕುವುದಕ್ಕಿಂತ ಇದು ಶ್ರಮದ ಕೆಲಸ, ಸೂಕ್ಷ್ಮವಾದ ಕೆಲಸ ಕೂಡ. ಹೀಗೆ ಮಾಡುವುದರಿಂದ ನಿನ್ನೆ ನಡೆದದ್ದು ಇಂದೂ ನಡೆಯುತ್ತದೆ. ಅಪ್‌ಡೇಟ್ ಆದ ಮರುದಿನ ಪ್ರಿಂಟರ್ ಕೈಕೊಡುವುದಿಲ್ಲ, ಪರದೆಯ ಮೇಲಿನ ಗುಂಡಿಗಳು ಜಾಗ ಬದಲಿಸುವುದಿಲ್ಲ. ಒಂದು ಆವೃತ್ತಿಗೆ ಮೂರು ವರ್ಷ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ, ಒಟ್ಟು ಐದು ವರ್ಷ ಸಿಗುತ್ತದೆ. ಗ್ರಂಥಾಲಯದ ಪಟ್ಟಿ ನೋಡುವ ಗಣಕಕ್ಕೆ, ಸಣ್ಣ ಕಚೇರಿಯ ಸರ್ವರ್‌ಗೆ, ವಯಸ್ಸಾದ ಪೋಷಕರ ಲ್ಯಾಪ್‌ಟಾಪ್‌ಗೆ ಬೇಕಾಗಿರುವುದು ಈ ನೆಮ್ಮದಿ. ಇದೇ ತಿಂಗಳು ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್ ಕೊಂಡವರಿಗೆ ಸ್ಟೇಬಲ್ ತಕ್ಕುದಲ್ಲದಿರಬಹುದು, ಏಕೆಂದರೆ ಅದರ ಹೊಸ ಯಂತ್ರಭಾಗಗಳನ್ನು ಎರಡು ವರ್ಷ ಹಿಂದಿನ ಕರ್ನೆಲ್ ಗುರುತಿಸದೆ ಹೋಗಬಹುದು. ಅಂಥವರು ಹೊಸ ಕರ್ನೆಲ್ ಕೊಡುವ ಬೇರೆ ವಿತರಣೆಯನ್ನು, ಎಂದರೆ ಲಿನಕ್ಸ್ ಆಧರಿಸಿದ ಇನ್ನೊಂದು ವ್ಯವಸ್ಥೆಯನ್ನು, ಆರಿಸಿಕೊಳ್ಳುವುದೇ ಲೇಸು.

ಸದಸ್ಯರಾಗುವುದು ಸುಲಭವಲ್ಲ. ಮೊದಲು ಕೆಲವು ಕಾಲ ಕೆಲಸ ಮಾಡಿ ತೋರಿಸಬೇಕು. ಈಗಾಗಲೇ ಸದಸ್ಯರಾದವರನ್ನು ಮುಖತಃ ಭೇಟಿಯಾಗಿ, ಗುರುತಿನ ಚೀಟಿ ತೋರಿಸಿ, ತಮ್ಮ ಡಿಜಿಟಲ್ ಕೀಲಿಗೆ ಅವರ ಸಹಿ ಪಡೆಯಬೇಕು. ಆಮೇಲೆ ಕರಾರು, ನಿಯಮ, ಕೆಲಸದ ರೀತಿ ಇವುಗಳ ಬಗ್ಗೆ ಪ್ರಶ್ನೋತ್ತರ ನಡೆಯುತ್ತದೆ. ಹೀಗೆ ಸೇರಿದವರು ಯಾವ ಪ್ಯಾಕೇಜನ್ನು ಕಳಿಸಿದರೂ ಅದರ ಮೇಲೆ ಅವರ ಡಿಜಿಟಲ್ ಸಹಿ ಇರುತ್ತದೆ. ಒಬ್ಬರನ್ನೊಬ್ಬರು ಎಂದೂ ನೋಡದ ಜನ ಅಂತರ್ಜಾಲದಲ್ಲಿ ಕೂಡಿ ಕೆಲಸ ಮಾಡುತ್ತಾರೆ ಎಂಬ ಕಲ್ಪನೆ ಇಲ್ಲಿ ಅರ್ಧ ಮಾತ್ರ ನಿಜ. ವರ್ಷಕ್ಕೊಮ್ಮೆ ನಡೆಯುವ ಡೆಬ್‌ಕಾನ್ಫ್ ಸಮ್ಮೇಳನದಲ್ಲಿ ಅವರು ಕೂಡುತ್ತಾರೆ. 2023ರ ಸಮ್ಮೇಳನ ನಡೆದದ್ದು ಕೇರಳದ ಕೊಚ್ಚಿಯಲ್ಲಿ. ಶಾಲೆಗಳಲ್ಲಿ ಮುಕ್ತ ತಂತ್ರಾಂಶದಿಂದಲೇ ಗಣಕಶಿಕ್ಷಣ ಕೊಡುತ್ತ ಬಂದ ರಾಜ್ಯ ಅದು.

ಡೆಬಿಯನ್‌ಗೆ 1998ರಿಂದ ಒಂದು ಸಂವಿಧಾನವಿದೆ. ಪ್ರತಿವರ್ಷ ಸದಸ್ಯರು ಮತ ಹಾಕಿ ನಾಯಕರನ್ನು ಆರಿಸುತ್ತಾರೆ. ಮತದಾರರು ಒಬ್ಬ ಅಭ್ಯರ್ಥಿಗೆ ಗುರುತು ಹಾಕುವುದಲ್ಲ, ಎಲ್ಲರನ್ನೂ ತಮ್ಮ ಇಷ್ಟದ ಅನುಕ್ರಮದಲ್ಲಿ ಬರೆಯುತ್ತಾರೆ. ಪ್ರತಿ ಇಬ್ಬರನ್ನು ಪರಸ್ಪರ ಹೋಲಿಸಿ, ಉಳಿದೆಲ್ಲರಿಗಿಂತ ಹೆಚ್ಚು ಮಂದಿ ಇಷ್ಟಪಟ್ಟವರನ್ನು ಗೆದ್ದವರೆಂದು ಎಣಿಸುತ್ತಾರೆ. ಮತಪತ್ರದಲ್ಲಿ ಮೇಲಿನ ಯಾರೂ ಅಲ್ಲ ಎಂಬ ಆಯ್ಕೆಯೂ ಇರುತ್ತದೆ. ಭಾರತದ ಚುನಾವಣೆಗಳಿಗೆ 2013ರಲ್ಲಿ ಬಂದ ನೋಟಾದಂತೆ ಇದು ಬರೀ ಅಸಮಾಧಾನದ ದಾಖಲೆಯಲ್ಲ, ಆ ಆಯ್ಕೆಯನ್ನು ಸೋಲಿಸಲಾಗದ ಅಭ್ಯರ್ಥಿ ಕಣದಿಂದಲೇ ಹೊರಬೀಳುತ್ತಾನೆ. ನಾಯಕರಿಗೆ ಅಧಿಕಾರ ಮಿತ. ಯಾವ ನಿರ್ವಾಹಕರಿಗೂ ಇಂಥದ್ದನ್ನು ಮಾಡಲೇಬೇಕೆಂದು ಆಜ್ಞೆ ಮಾಡುವಂತಿಲ್ಲ. ಸಂಬಳವಿಲ್ಲದ ಕಡೆ ಆಜ್ಞೆ ನಡೆಯುವುದೂ ಇಲ್ಲ.

ಇಂಥ ಕಡೆ ಜಗಳಗಳು ದೀರ್ಘವಾಗುತ್ತವೆ, ಕೆಲವೊಮ್ಮೆ ಕಹಿಯಾಗುತ್ತವೆ. ಗಣಕ ಚಾಲೂ ಆಗುವಾಗ ಸೇವೆಗಳನ್ನು ಎಬ್ಬಿಸುವ ವ್ಯವಸ್ಥೆಯಾಗಿ ಸಿಸ್ಟಂಡಿ ಎಂಬುದನ್ನು ಒಪ್ಪಬೇಕೇ ಬೇಡವೇ ಎಂಬ ವಾದ ಇದಕ್ಕೆ ಹೆಸರಾಂತ ಉದಾಹರಣೆ. ಬೇಗ ಕೆಲಸ ಮಾಡುತ್ತದೆ, ಸೇವೆಗಳನ್ನು ನಂಬಿಕಸ್ತವಾಗಿ ನಿಭಾಯಿಸುತ್ತದೆ ಎಂದು ಪರವಾಗಿದ್ದವರು ಹೇಳಿದರು. ಒಂದೇ ತಂತ್ರಾಂಶ ಎಲ್ಲದಕ್ಕೂ ಕೈಚಾಚುತ್ತಿದೆ, ಆಯ್ಕೆಗೆ ಜಾಗ ಉಳಿಯುವುದಿಲ್ಲ ಎಂದು ವಿರೋಧಿಸಿದವರು ಹೇಳಿದರು. 2014ರ ಫೆಬ್ರವರಿಯಲ್ಲಿ ತಾಂತ್ರಿಕ ಸಮಿತಿ ಸಿಸ್ಟಂಡಿಯನ್ನು ಒಪ್ಪಿತು. ಒಪ್ಪದ ಕೆಲವರು ಅದೇ ವರ್ಷ ಬೇರೆಯಾಗಿ ದೇವುವನ್ ಎಂಬ ವಿತರಣೆಯನ್ನು ಘೋಷಿಸಿದರು, 2017ರಲ್ಲಿ ಅದರ ಮೊದಲ ಸ್ಥಿರ ಆವೃತ್ತಿ ಬಂತು. ಮೂಲಸಂಕೇತ ಎಲ್ಲರದ್ದಾದ್ದರಿಂದ ಮನೆ ಬಿಟ್ಟವರು ಬರಿಗೈಯಲ್ಲಿ ಹೋಗಬೇಕಾಗಲಿಲ್ಲ. ಸಮುದಾಯಕ್ಕೆ ಇದರಿಂದ ನೋವಾಯಿತು ನಿಜ, ಸದಸ್ಯರಲ್ಲಿ ಕೆಲವರು ಹುದ್ದೆ ಬಿಟ್ಟರು. ಆದರೂ ಒಡಕಿಗೆ ಒಂದು ಮರ್ಯಾದೆಯ ದಾರಿ ಇರುವುದು ಈ ಪರವಾನಗಿಗಳ ದೊಡ್ಡ ಗುಣ.

2022ರಲ್ಲಿ ನಡೆದ ಇನ್ನೊಂದು ಮತದಾನ ಮನೆಬಳಕೆಯವರಿಗೆ ನೇರವಾಗಿ ತಟ್ಟುವಂಥದ್ದು. ವೈಫೈ ಚಿಪ್‌ನಂಥ ಭಾಗಗಳು ಕೆಲಸ ಮಾಡಲು ಅವುಗಳ ತಯಾರಕರು ಕೊಡುವ ಫರ್ಮ್‌ವೇರ್ ಬೇಕು. ಬಹುತೇಕ ಅದರ ಮೂಲಸಂಕೇತ ಸಿಗುವುದಿಲ್ಲ. ಕರಾರಿನ ಪ್ರಕಾರ ಡೆಬಿಯನ್ ಅದನ್ನು ತನ್ನ ಅಧಿಕೃತ ಅಳವಡಿಕೆ ಕಡತದಲ್ಲಿ ಇಡುತ್ತಿರಲಿಲ್ಲ. ಹೊಸಬರು ಅಳವಡಿಕೆ ಆರಂಭಿಸಿ ಅರ್ಧಕ್ಕೆ ಬಂದಾಗ ವೈಫೈ ಸಿಗದೆ ಕಂಗಾಲಾಗುತ್ತಿದ್ದರು. ಫರ್ಮ್‌ವೇರ್ ಸಹಿತವಾದ ಕಡತ ಬೇರೊಂದೆಡೆ ಇತ್ತು, ಆದರೆ ಅದು ಹುಡುಕಬಲ್ಲವರಿಗೆ ಮಾತ್ರ ಸಿಗುತ್ತಿತ್ತು. ತತ್ವವನ್ನು ಕಾಯುವ ಹೆಸರಿನಲ್ಲಿ ಬಳಕೆದಾರರನ್ನು ಹೊರಗಿಡುವುದು ಸರಿಯಲ್ಲ ಎಂದು ಬಹುಮತ ತೀರ್ಮಾನಿಸಿ ಕರಾರಿನ ಐದನೆಯ ಅಂಶವನ್ನು ತಿದ್ದಿತು. ಬುಕ್‌ವರ್ಮ್‌ನಿಂದ ಈಚೆಗೆ ಬೇಕಾದ ಫರ್ಮ್‌ವೇರ್ ಅಳವಡಿಕೆಯ ಜೊತೆಯಲ್ಲೇ ಬರುತ್ತದೆ. ಇದು ಸರಿಯಾದ ತೀರ್ಮಾನ. ಗಣಕವೇ ಜಾಲಕ್ಕೆ ಸೇರದಿದ್ದರೆ ಮುಕ್ತತೆಯ ಪ್ರಯೋಜನ ಯಾರಿಗೂ ಮುಟ್ಟುವುದಿಲ್ಲ.

ಮೂಲಸಂಕೇತ ಎಲ್ಲರ ಕಣ್ಣ ಮುಂದಿರುವುದರಿಂದ ಅದು ತಾನಾಗಿಯೇ ಸುರಕ್ಷಿತ ಎಂಬ ಅಭಿಪ್ರಾಯ ಒಂದು ಕಡೆ, ಎಲ್ಲರೂ ನೋಡಬಹುದಾದ್ದರಿಂದಲೇ ಅದು ಅಪಾಯ ಎಂಬ ಅಭಿಪ್ರಾಯ ಇನ್ನೊಂದು ಕಡೆ. ಡೆಬಿಯನ್‌ನ ಚರಿತ್ರೆ ಎರಡನ್ನೂ ತಿದ್ದುತ್ತದೆ. 2006ರಲ್ಲಿ, ಗೂಢಲಿಪಿಗೆ ಬಳಸುವ ಓಪನ್ ಎಸ್ಎಸ್ಎಲ್ ಪ್ಯಾಕೇಜಿನಲ್ಲಿ ಒಂದು ಪರೀಕ್ಷಾ ಸಲಕರಣೆ ಎಚ್ಚರಿಕೆ ಕೊಡುತ್ತಿದ್ದ ಸಾಲುಗಳನ್ನು ಡೆಬಿಯನ್‌ನಲ್ಲಿ ತೆಗೆದುಹಾಕಲಾಯಿತು. ಕೀಲಿಗಳನ್ನು ಊಹೆಗೆ ನಿಲುಕದಂತೆ ಮಾಡುವ ಯಾದೃಚ್ಛಿಕತೆ ಆ ಸಾಲುಗಳನ್ನೇ ನಂಬಿತ್ತು. ಅವು ಹೋದ ಮೇಲೆ ಉಳಿದದ್ದು ಪ್ರಕ್ರಿಯೆಯ ಸಂಖ್ಯೆಯೊಂದೇ. ಅದಕ್ಕೆ ಇರಬಹುದಾದ ಬೆಲೆಗಳು ಕೇವಲ 32,768. ಎಂದರೆ ಒಂದು ಬಗೆಯ, ಒಂದು ಅಳತೆಯ ಕೀಲಿಗಳನ್ನೆಲ್ಲ ಯಾರು ಬೇಕಾದರೂ ಮೊದಲೇ ಲೆಕ್ಕಹಾಕಿ ಇಟ್ಟುಕೊಳ್ಳಬಹುದಿತ್ತು. ಯಾರಿಗೂ ಗೊತ್ತಾಗದೆ ಹೆಚ್ಚುಕಡಿಮೆ ಇಪ್ಪತ್ತು ತಿಂಗಳು ಹೀಗೇ ನಡೆಯಿತು. 2008ರ ಮೇ 13ರಂದು ಡೆಬಿಯನ್ ಅದನ್ನು ಬಹಿರಂಗವಾಗಿ ಪ್ರಕಟಿಸಿತು, ಹಾಳಾದ ಕೀಲಿಗಳ ಪಟ್ಟಿ ಕೊಟ್ಟಿತು, ಎಲ್ಲರೂ ಹೊಸ ಕೀಲಿ ಮಾಡಿಕೊಳ್ಳಬೇಕೆಂದು ಹೇಳಿತು. ಸಂಕೇತ ತೆರೆದಿದ್ದರೂ ಓದುವವರಿಲ್ಲದಿದ್ದರೆ ತೆರೆದಿದ್ದು ಸಾಲದು ಎಂಬುದು ಅಲ್ಲಿ ಸಾಬೀತಾಯಿತು. ಅದಕ್ಕಿಂತ ಮುಖ್ಯವಾಗಿ, ತಪ್ಪು ಗೊತ್ತಾದ ಮೇಲೆ ಸಾಮಾಜಿಕ ಕರಾರಿನ ಮೂರನೆಯ ಅಂಶ ಕಾಗದದ ಮೇಲಷ್ಟೇ ಇಲ್ಲ ಎಂಬುದೂ ಸಾಬೀತಾಯಿತು.

2024ರ ಪ್ರಸಂಗ ಇನ್ನೂ ಗಂಭೀರ, ಏಕೆಂದರೆ ಅಲ್ಲಿ ತಪ್ಪಲ್ಲ, ಸಂಚು ನಡೆದಿತ್ತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಎಂಬ ಸಣ್ಣ ತಂತ್ರಾಂಶವನ್ನು ಬಹುಕಾಲದಿಂದ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ಸಹಾಯ ಮಾಡುತ್ತ ವಿಶ್ವಾಸ ಗಳಿಸಿದರು. ಅದೇ ಹೊತ್ತಿಗೆ ಬೇರೆ ಹೆಸರುಗಳಿಂದ ಪತ್ರಗಳು ಬಂದು, ಕೆಲಸ ನಿಧಾನವಾಗುತ್ತಿದೆ, ಇನ್ನೊಬ್ಬರಿಗೆ ಹೊಣೆ ಕೊಡಿ ಎಂದು ಒತ್ತಡ ಹೇರಿದವು. ಹೊಣೆ ಕೈಸೇರಿದ ಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದು ಸೇರಿಕೊಂಡಿತು. ದೂರದಿಂದ ಗಣಕಕ್ಕೆ ಪ್ರವೇಶ ಕೊಡುವ ಎಸ್ಎಸ್ಎಚ್ ಸೇವೆಯನ್ನು ವಂಚಿಸುವುದು ಅದರ ಗುರಿ. ಪರೀಕ್ಷೆಗೆಂದು ಇಟ್ಟ ಕಡತಗಳ ಒಳಗೆ ಅದನ್ನು ಅಡಗಿಸಿದ್ದರು, ಅದನ್ನು ಎಬ್ಬಿಸುವ ತುಣುಕನ್ನು ಬಿಡುಗಡೆಯ ಕಡತಕ್ಕೆ ಮಾತ್ರ ಸೇರಿಸಿದ್ದರು. ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ಡೆಬಿಯನ್‌ನ ಸಿಡ್ ರೂಪದಲ್ಲಿ ಒಂದು ಡೇಟಾಬೇಸಿನ ವೇಗ ಅಳೆಯುತ್ತಿದ್ದಾಗ, ಎಸ್ಎಸ್ಎಚ್ ಪ್ರವೇಶಕ್ಕೆ ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಆ ಅರ್ಧ ಸೆಕೆಂಡನ್ನು ಅವರು ಬಿಡದೆ ಬೆನ್ನಟ್ಟಿದರು. ಮಾರ್ಚ್ 29ರಂದು ತಾವು ಕಂಡದ್ದನ್ನು ಎಲ್ಲರಿಗೂ ತಿಳಿಸಿದರು. ಡೆಬಿಯನ್ ಕೂಡಲೇ ಹಳೆಯ 5.4.5ಕ್ಕೆ ಮರಳಿತು. ಸ್ಟೇಬಲ್ ರೂಪಕ್ಕೆ ವಿಷ ತಲುಪಿರಲೇ ಇಲ್ಲ. ಹಳತು ಎಂದು ಆಕ್ಷೇಪಕ್ಕೆ ಗುರಿಯಾದ ಅದೇ ನಿಧಾನ ಅಲ್ಲಿ ಬಳಕೆದಾರರನ್ನು ಕಾಯಿತು.

ಈ ಪ್ರಸಂಗದಲ್ಲಿ ಹೆಚ್ಚು ಯೋಚಿಸಬೇಕಾದದ್ದು ದಣಿದ ನಿರ್ವಾಹಕನ ಸ್ಥಿತಿ. ಊರಿನ ಕೆರೆಯ ನೀರು ಎಲ್ಲರಿಗೂ ಬೇಕು, ಹೂಳೆತ್ತುವ ದಿನ ಬರುವವರು ಕೆಲವರೇ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ತಮ್ಮ ಸರ್ವರ್‌ಗಳಲ್ಲಿ ಓಡಿಸುವ ತಂತ್ರಾಂಶದ ಬುಡದಲ್ಲಿ, ಕೃತಜ್ಞತೆಯ ಒಂದು ಸಾಲೂ ಕಾಣದೆ ಕೆಲಸ ಮಾಡುವ ಒಬ್ಬಿಬ್ಬರು ಇರುತ್ತಾರೆ. ಅವರಿಗೆ ಬರುವ ಪತ್ರಗಳಲ್ಲಿ ಬೈಗುಳ, ತಗಾದೆಗಳೂ ಇರುತ್ತವೆ. ಬಳಸುವವರು ಮೊದಲು ಕಲಿಯಬೇಕಾದ ಶಿಸ್ತು ಇಲ್ಲಿಯದು. ದೋಷವನ್ನು ತಿಳಿಸುವಾಗ ಯಾವ ಆವೃತ್ತಿ, ಏನು ಮಾಡಿದಾಗ ಏನಾಯಿತು, ಏನಾಗಬೇಕಿತ್ತು ಎಂಬುದನ್ನು ಶಾಂತವಾಗಿ ಬರೆದರೆ ಅದೇ ದೊಡ್ಡ ಸಹಾಯ. ಹಣದ ಸಹಾಯವೂ ಇದೆ. ಡೆಬಿಯನ್‌ಗೆ ಬರುವ ದೇಣಿಗೆಯನ್ನು ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್ ಎಂಬ ಲಾಭರಹಿತ ಸಂಸ್ಥೆಯಂಥವು ನೋಡಿಕೊಳ್ಳುತ್ತವೆ. ದೀರ್ಘಾವಧಿ ಬೆಂಬಲದ ಕೆಲಸಕ್ಕೆ ಅದರಿಂದ ಪ್ರಯೋಜನ ಪಡೆಯುವ ಕಂಪನಿಗಳು ವಂತಿಗೆ ಕೊಡುತ್ತವೆ. ಆದರೆ ಬಳಕೆಯ ವಿಸ್ತಾರಕ್ಕೆ ಹೋಲಿಸಿದರೆ ಹೀಗೆ ಬರುವ ಹಣ ತೀರ ಕಡಿಮೆ.

ಕನ್ನಡಿಗರ ಮಟ್ಟಿಗೆ ಡೆಬಿಯನ್ ಅಳವಡಿಸುವ ಮೊದಲ ಪರದೆಯಲ್ಲೇ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಕಾಣುತ್ತದೆ, ಚಿತ್ರಾತ್ಮಕ ಅಳವಡಿಕೆಯನ್ನು ಆರಿಸಿಕೊಂಡಿದ್ದರೆ. ಬರಿಯ ಅಕ್ಷರಗಳ ಕಪ್ಪು ಪರದೆಯಲ್ಲಿ ಅದು ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಸ್ತ್ರೀ ಎಂಬ ಅಕ್ಷರ ಸ, ತ, ರ ಮತ್ತು ನಡುವಿನ ಹಲಂತ ಚಿಹ್ನೆಗಳು ಹಾಗೂ ದೀರ್ಘಸ್ವರ ಒಂದರ ಹಿಂದೊಂದು ಬಂದ ಸಾಲಾಗಿ ಉಳಿದಿರುತ್ತದೆ. ಅದನ್ನು ಒತ್ತಕ್ಷರಗಳಾಗಿ ಕೂಡಿಸಿ ಸರಿಯಾದ ಜಾಗದಲ್ಲಿ ಚಿತ್ರಿಸಲು ಹಾರ್ಫ್‌ಬಜ್‌ನಂಥ ತಂತ್ರಾಂಶ ಬೇಕು. ಅದೂ ಮುಕ್ತ ತಂತ್ರಾಂಶವೇ. ಅಕ್ಷರಶೈಲಿಗಳಲ್ಲಿ ರೆಡ್‌ಹ್ಯಾಟ್ ಕಂಪನಿ ಬಿಡುಗಡೆ ಮಾಡಿದ ಲೋಹಿತ್, ಜೊತೆಗೆ ಗುಬ್ಬಿ ಮತ್ತು ನವಿಲು ಡೆಬಿಯನ್ ಉಗ್ರಾಣದಲ್ಲಿವೆ. ಟೈಪು ಮಾಡಲು ಇನ್‌ಸ್ಕ್ರಿಪ್ಟ್ ಇದೆ, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಒಗ್ಗುವ ಕಗಪ ವಿನ್ಯಾಸವೂ ಇದೆ. ಅದರ ಮೂಲ ಕೆ.ಪಿ. ರಾವ್ ಅವರ ಕೀಲಿಮಣೆ.

ಅಡ್ಡಿಗಳೂ ಕೆಲವು ಇವೆ. ಕರ್ನಾಟಕದ ಮುದ್ರಣ ಮನೆಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳೂ ಅವನ್ನೇ ನಂಬಿದ ಪುಟವಿನ್ಯಾಸ ತಂತ್ರಾಂಶಗಳೂ ಬಳಕೆಯಲ್ಲಿವೆ. ಅಲ್ಲಿಂದ ಬಂದ ಕಡತ ಡೆಬಿಯನ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಕಚೇರಿ ದಾಖಲೆಗಳಿಗೆ ಲಿಬ್ರೆ ಆಫೀಸ್ ಸಾಕಾಗುತ್ತದೆ, ಆದರೆ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಮಾಡಿದ ಕೋಷ್ಟಕಗಳು ಕೆಲವೊಮ್ಮೆ ಅಸ್ತವ್ಯಸ್ತವಾಗುತ್ತವೆ. ತೆರಿಗೆ ಲೆಕ್ಕ ಅಥವಾ ಡಿಜಿಟಲ್ ಸಹಿಯ ಕೆಲಸಕ್ಕೆ ವಿಂಡೋಸ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶವನ್ನು ನೆಚ್ಚಿಕೊಂಡವರು ಅದನ್ನು ಪೂರ್ತಿ ಬಿಡುವ ಆತುರ ಮಾಡಬಾರದು. ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಳ್ಳಬಹುದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಅನೇಕ ಮನೆಗಳಲ್ಲಿ ವಿಂಡೋಸ್ ಬಿಟ್ಟು ಬೇರೆಯದಕ್ಕೆ ಹೋಗಬೇಕೇ ಎಂಬ ಪ್ರಶ್ನೆ ಎದ್ದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಇಲ್ಲದ, ಆದರೆ ಚೆನ್ನಾಗಿಯೇ ನಡೆಯುತ್ತಿರುವ ಲ್ಯಾಪ್‌ಟಾಪ್‌ಗಳು ಲೆಕ್ಕವಿಲ್ಲದಷ್ಟಿವೆ. ಅಂಥ ಯಂತ್ರಗಳಿಗೆ ಡೆಬಿಯನ್ ಒಳ್ಳೆಯ ಆಯ್ಕೆ. ನಾಲ್ಕು ಜಿಬಿ ಮೆಮೊರಿ ಇದ್ದರೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಹಿತವಾಗಿ ನಡೆಯುತ್ತದೆ, ಎಂಟು ಇದ್ದರೆ ಗ್ನೋಮ್ ಅಥವಾ ಕೆಡಿಇ ಹಾಕಬಹುದು. 32 ಬಿಟ್ ಪ್ರೊಸೆಸರ್‌ನ ತೀರ ಹಳೆಯ ಯಂತ್ರಗಳಿಗೆ ಮಾತ್ರ ಟ್ರಿಕ್ಸಿಯಲ್ಲಿ ಅಳವಡಿಕೆ ಕಡತವಿಲ್ಲ. ಅವು ಬುಕ್‌ವರ್ಮ್‌ನಲ್ಲೇ ಉಳಿಯಬೇಕು. ಹಾರ್ಡ್ ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿಸಿದರೆ ಆಗುವ ವ್ಯತ್ಯಾಸ ಯಾವ ಆಪರೇಟಿಂಗ್ ಸಿಸ್ಟಂ ಬದಲಿಸಿದರೂ ಆಗುವುದಿಲ್ಲ. ಖರ್ಚು ಮಾಡುವುದಾದರೆ ಅದಕ್ಕೆ ಮೊದಲು ಮಾಡಬೇಕು. ಅಳವಡಿಸುವ ಮುಂಚೆ ಲೈವ್ ರೂಪವನ್ನು ಪೆನ್‌ಡ್ರೈವಿಗೆ ಬರೆದು ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ ನೋಡಬಹುದು. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ಇಷ್ಟೂ ಸರಿಯಿದ್ದರೆ ಮುಂದುವರಿಯಬಹುದು. ಅಳವಡಿಕೆಯಲ್ಲಿ ಡಿಸ್ಕ್ ಅಳಿಸಿಹೋಗಬಹುದು, ಆದ್ದರಿಂದ ಫೋಟೊ ಮತ್ತು ದಾಖಲೆಗಳ ಪ್ರತಿ ಬೇರೊಂದು ಡಿಸ್ಕಿನಲ್ಲಿ ಇರಲೇಬೇಕು.

ಯಾವ ವಿತರಣೆ ಮೇಲು, ಯಾವ ಡೆಸ್ಕ್‌ಟಾಪ್ ಚೆಂದ ಎಂಬ ವಾದದಲ್ಲಿ ಹೊಸಬರು ಸಿಕ್ಕಿಹಾಕಿಕೊಳ್ಳಬೇಕಾಗಿಲ್ಲ. ಸಂಶಯ ಬಂದಾಗ ಕೇಳಲು ಹತ್ತಿರದಲ್ಲಿ ಒಬ್ಬ ಪರಿಚಿತರಿದ್ದರೆ ಅವರು ಬಳಸುವ ವಿತರಣೆಯೇ ಹೊಸಬರಿಗೂ ಸೂಕ್ತ. ಪ್ರೋಗ್ರಾಮಿಂಗ್ ಬಾರದವರಿಗೆ ಇಲ್ಲಿ ಜಾಗವಿಲ್ಲ ಎಂಬ ಅಳುಕೂ ಬೇಡ. ಅನುವಾದ, ದಾಖಲೆ ಬರವಣಿಗೆ, ಕಲೆ, ಸಂಘಟನೆಗಳಲ್ಲಿ ದುಡಿಯುವವರನ್ನೂ ಪೂರ್ಣ ಸದಸ್ಯರನ್ನಾಗಿ ಸ್ವಾಗತಿಸಬೇಕೆಂದು ಡೆಬಿಯನ್ 2010ರಲ್ಲಿ ಮತ ಹಾಕಿ ನಿರ್ಣಯಿಸಿತು. ಅಂಥವರಿಗೂ ನಾಯಕರ ಚುನಾವಣೆಯಲ್ಲಿ ಮತವಿದೆ. ಕನ್ನಡ ಅನುವಾದದಲ್ಲಿ ತಪ್ಪು ಪದ ಕಂಡವರು, ಒತ್ತಕ್ಷರ ತಪ್ಪಾಗಿ ಮೂಡಿದ್ದನ್ನು ಕಂಡವರು ರಿಪೋರ್ಟ್‌ಬಗ್ ಎಂಬ ಸಲಕರಣೆಯಿಂದ ಅಥವಾ ಒಂದು ಇಮೇಲ್‌ನಿಂದ ಅದನ್ನು ತಿಳಿಸಬಹುದು. ದೂರಿಗೆ ಒಂದು ಸಂಖ್ಯೆ ಸಿಗುತ್ತದೆ, ಪರಿಹಾರವಾಗುವವರೆಗೆ ಅದು ಸಾರ್ವಜನಿಕ ದಾಖಲೆಯಲ್ಲಿ ತೆರೆದೇ ಇರುತ್ತದೆ.